ದೂರು ಮತ್ತು ಆರೈಕೆ: ಪೋಕ್ಸೊ ಶಾಸನದ ಒಂದು ವಿಮರ್ಶೆ

ಶಾಸನವನ್ನು ನ್ಯಾಯವಾದಿಗಳು ಓದುವ ಕ್ರಮ ಬೇರೆ, ಇತಿಹಾಸದ ಅಭ್ಯಾಸಿಗಳು ಓದುವ ಕ್ರಮ ಬೇರೆ. ಅದು ಯಾವುದನ್ನು ಕಡ್ಡಾಯವಾಗಿ ವಿಧಿಸುತ್ತದೆ, ಯಾವುದನ್ನು ಅಧಿಕಾರಿಯ ವಿವೇಚನೆಗೆ ಬಿಡುತ್ತದೆ ಎಂಬುದನ್ನು ಗಮನಿಸಿದರೆ, ಅದನ್ನು ರಚಿಸಿದ ಸಮಾಜ ಯಾವುದಕ್ಕೆ ಹೆಚ್ಚಿನ ಬೆಲೆ ಕೊಟ್ಟಿತೆಂಬುದು ವ್ಯಕ್ತವಾಗುತ್ತದೆ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಎಳೆಯರನ್ನು ತಜ್ಞರ ನೆರವಿಗೆ ತಲಪಿಸುವ ವಿಷಯದಲ್ಲಿ 2012ರ ಪೋಕ್ಸೊ ಶಾಸನವನ್ನೂ ಅದರ 2020ರ ನಿಯಮಗಳನ್ನೂ ಹೀಗೆ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಹಿಂದಿನ ಶಾಸನಗಳೊಡನೆ ಹೋಲಿಸದೆ ಇದರ ಯೋಗ್ಯತೆ ತಿಳಿಯದು. 1890ರಲ್ಲಿ ಕಲ್ಕತ್ತೆಯ ನ್ಯಾಯಾಲಯದಲ್ಲಿ ನಡೆದ ಮೊಕದ್ದಮೆಯೊಂದು, ಹನ್ನೊಂದರ ಆಸುಪಾಸಿನ ಬಾಲವಧುವೊಬ್ಬಳು ಗಂಡನ ಬಲಾತ್ಕಾರದಿಂದ ಮೃತಳಾದ ಸಂಗತಿಯನ್ನು ದೇಶದ ಮುಂದಿಟ್ಟಿತು. ಮರುವರ್ಷ ಸಮ್ಮತಿಯ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸಲಾಯಿತು. ಪೊಲೀಸ್ ಠಾಣೆಯಲ್ಲಿ ಆದಿವಾಸಿ ಬಾಲೆಯೊಬ್ಬಳ ಮೇಲೆ ಅತ್ಯಾಚಾರ ನಡೆಸಿದ ಆಪಾದನೆಯಿಂದ ಇಬ್ಬರು ಪೊಲೀಸರನ್ನು ಸರ್ವೋಚ್ಚ ನ್ಯಾಯಾಲಯ 1978ರಲ್ಲಿ ಬಿಡುಗಡೆ ಮಾಡಿದಾಗ, ನಾಲ್ವರು ಕಾನೂನು ಅಧ್ಯಾಪಕರು 1979ರಲ್ಲಿ ಬಹಿರಂಗ ಪತ್ರ ಬರೆದರು. ಅದರಿಂದ ಎದ್ದ ಚಳವಳಿಯ ಫಲವೇ 1983ರ ತಿದ್ದುಪಡಿ. ಈ ಎರಡೂ ಮುಖ್ಯವಾಗಿ ಅಪರಾಧ, ಸಾಕ್ಷ್ಯ, ಶಿಕ್ಷೆಗಳನ್ನು ಕುರಿತವು. ನೊಂದವರನ್ನು ಯಾರ ಬಳಿಗೆ ಕರೆದೊಯ್ಯಬೇಕೆಂಬ ಪ್ರಶ್ನೆಯನ್ನು ಅವು ಎತ್ತಲಿಲ್ಲ.

ಪೋಕ್ಸೊ ಶಾಸನ ಆ ಪ್ರಶ್ನೆಯನ್ನು ಎತ್ತಿತೆಂಬುದೇ ಅದರ ಹಿರಿಮೆ. ಹದಿನೆಂಟು ತುಂಬದ ಹುಡುಗಿಯರನ್ನೂ ಹುಡುಗರನ್ನೂ ಅದು ಸಮಾನವಾಗಿ ಕಾಣುತ್ತದೆ. ಪೊಲೀಸರು 24 ಗಂಟೆಗಳೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ವರದಿ ಒಪ್ಪಿಸಬೇಕು. ಆಪ್ತಸಮಾಲೋಚನೆ ಎಲ್ಲಿ ದೊರೆಯುವುದೆಂದು ಮಗುವಿಗೂ ಪೋಷಕರಿಗೂ ತಿಳಿಸಿ, ಅಲ್ಲಿಯವರನ್ನು ಸಂಪರ್ಕಿಸಲು ನೆರವಾಗಬೇಕು. ತುರ್ತು ಚಿಕಿತ್ಸೆಗೆ ಮುನ್ನ ಆಸ್ಪತ್ರೆ ಯಾವ ಕಾಗದಪತ್ರವನ್ನೂ ಕೇಳತಕ್ಕದ್ದಲ್ಲ. ತನಿಖೆ, ವಿಚಾರಣೆಗಳ ಉದ್ದಕ್ಕೂ ಮಗುವಿನ ಜೊತೆಗಿರುವ ಬೆಂಬಲ ವ್ಯಕ್ತಿಯ ಕಲ್ಪನೆಯೂ ನಿಯಮಗಳಲ್ಲಿದೆ.

ಆದರೆ ಪಠ್ಯದ ಕ್ರಿಯಾಪದಗಳನ್ನು ನೋಡಬೇಕು. ವಿಷಯ ತಿಳಿದ ಯಾರೇ ಆದರೂ ಪೊಲೀಸರಿಗೆ ವರದಿ ಮಾಡಲೇಬೇಕೆಂದು 19ನೆಯ ಕಲಮು ಹೇಳುತ್ತದೆ. ತಪ್ಪಿದರೆ ಆರು ತಿಂಗಳವರೆಗೆ, ಸಂಸ್ಥೆಯ ಮುಖ್ಯಸ್ಥರಾದರೆ ಒಂದು ವರ್ಷದವರೆಗೆ ಸೆರೆವಾಸವೆಂದು 21ನೆಯ ಕಲಮು ವಿಧಿಸುತ್ತದೆ. ಬೆಂಬಲ ವ್ಯಕ್ತಿಯ ಮಾತು ಬಂದಾಗ ಮಾತ್ರ ನಿಯಮದ ಭಾಷೆ ಸಡಿಲವಾಗಿ, ಸಮಿತಿ ಅಂಥವರನ್ನು ‘ಒದಗಿಸಬಹುದು’ ಎನ್ನುತ್ತದೆ. ಮಗುವನ್ನು ಆರೈಕೆಗೆ ತಲಪಿಸದಿದ್ದವರಿಗೆ ಈ ಶಾಸನದಲ್ಲಿ ಶಿಕ್ಷೆಯಿಲ್ಲ. ಮೇಲಾಗಿ ಆರೈಕೆಯ ದಾರಿ ಠಾಣೆಯ ಮೂಲಕವೇ ಹಾಯುತ್ತದೆ. ಸಲಹೆಯನ್ನು ಬಯಸಿ, ಮೊಕದ್ದಮೆಗೆ ಅಂಜುವ ಹದಿನೇಳರ ವಿದ್ಯಾರ್ಥಿನಿ ತನ್ನ ಉಪನ್ಯಾಸಕರ ಮುಂದೆಯೂ ಬಾಯಿಬಿಡದಿರುವ ಸಂಭವ ಇಲ್ಲಿಯೇ ಅಡಗಿದೆ.

ವರದಿಯನ್ನು ಐಚ್ಛಿಕಗೊಳಿಸಿದರೆ ಮನೆತನದ ಮಾನ, ಸಂಸ್ಥೆಯ ಕೀರ್ತಿ ಎಂಬ ನೆಪಗಳಿಂದ ಅಪರಾಧವನ್ನು ಮುಚ್ಚಿಹಾಕುವರೆಂಬ ಆಕ್ಷೇಪವುಂಟು. ಈ ಆಕ್ಷೇಪ ಬಲವಾದದ್ದೇ. ಆದುದರಿಂದ ಕಡ್ಡಾಯವನ್ನು ತೆಗೆಯಬೇಕೆಂದು ನಾವು ಹೇಳುವುದಿಲ್ಲ. ಅದೇ ಕಡ್ಡಾಯ ಆರೈಕೆಗೂ ಇರಬೇಕೆಂದು ಹೇಳುತ್ತೇವೆ. ಬೆಂಬಲ ವ್ಯಕ್ತಿಯನ್ನು ಒದಗಿಸುವುದು ರಾಜ್ಯದ ಹೊಣೆ, ಅದು ಐಚ್ಛಿಕವಾಗಲಾರದು ಎಂದು ಸರ್ವೋಚ್ಚ ನ್ಯಾಯಾಲಯ 2023ರ ಆಗಸ್ಟಿನಲ್ಲಿ ಹೇಳಿದ್ದು ಈ ವಾದಕ್ಕೆ ಪುಷ್ಟಿ ಕೊಡುತ್ತದೆ.

ಇನ್ನೊಂದು ಕೊರತೆ ವಯಸ್ಸಿನದು. ಹದಿನೆಂಟು ತುಂಬಿದೊಡನೆ ಪೋಕ್ಸೊ ರಕ್ಷಣೆ ಮುಗಿಯುತ್ತದೆ. ತರುಣಿಯರಿಗೆ 2015ರಲ್ಲಿ ಆರಂಭವಾದ ಸಖಿ ಕೇಂದ್ರಗಳುಂಟು. ಚಿಕಿತ್ಸೆ, ಕಾನೂನು ನೆರವು, ಸಮಾಲೋಚನೆ, ತಾತ್ಕಾಲಿಕ ವಸತಿ ಅಲ್ಲಿ ಒಂದೆಡೆ ದೊರೆಯಬೇಕೆಂಬುದು ಆ ಯೋಜನೆಯ ಆಶಯ. ಹತ್ತೊಂಬತ್ತರ ತರುಣನಿಗೆ ಅಂಥ ಕೇಂದ್ರವಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ಅತ್ಯಾಚಾರದ ಕಲಮು ಸ್ತ್ರೀಯರನ್ನು ಮಾತ್ರ ಕುರಿತದ್ದು. ಹಳೆಯ ದಂಡ ಸಂಹಿತೆಯ 377ನೆಯ ಕಲಮಿಗೆ ಸಮಾನವಾದದ್ದು ಅದರಲ್ಲಿ ಇಲ್ಲ. ಪದವಿ ತರಗತಿಗಳ ಬಹುಪಾಲು ವಿದ್ಯಾರ್ಥಿಗಳು ಈ ವಯಸ್ಸಿನವರೆಂಬುದನ್ನು ನೆನೆದರೆ ಕೊರತೆಯ ಗಾತ್ರ ಅರಿವಾಗುತ್ತದೆ.

ಶಾಸನ ತಿದ್ದುಪಡಿಯಾಗುವವರೆಗೆ ಕಾಲೇಜುಗಳು ಕಾಯಬೇಕಾಗಿಲ್ಲ. ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ, ಸಖಿ ಕೇಂದ್ರ, ಜಿಲ್ಲಾಸ್ಪತ್ರೆಗಳ ವಿಳಾಸವೂ, 1098ರ ಮಕ್ಕಳ ಸಹಾಯವಾಣಿಯೂ ಪ್ರತಿಯೊಬ್ಬ ಅಧ್ಯಾಪಕರಿಗೂ ತಿಳಿದಿರಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮಕ್ಕಳ ಮತ್ತು ಹರೆಯದವರ ಮನೋವೈದ್ಯಕ್ಕೆ ಪ್ರತ್ಯೇಕ ವಿಭಾಗವೇ ಇದೆ. ವಿದ್ಯಾರ್ಥಿ ಹೇಳಿದ್ದನ್ನು ಕೆದಕಿ ಕೆದಕಿ ಕೇಳದೆ, ಆತನ ಅಥವಾ ಆಕೆಯ ಮಾತಿನಲ್ಲಿಯೇ ಬರೆದಿಟ್ಟುಕೊಳ್ಳಬೇಕು; ಹದಿನೆಂಟು ತುಂಬದವರಾದರೆ ವರದಿ ಮಾಡುವ ಹೊಣೆ ತಮಗುಂಟೆಂದು ಮೊದಲೇ ಮರೆಮಾಚದೆ ತಿಳಿಸಬೇಕು; ವಿಳಾಸ ಬರೆದುಕೊಟ್ಟು ಕಳುಹಿಸದೆ, ವಿದ್ಯಾರ್ಥಿ ಒಪ್ಪಿದರೆ, ಆ ಬಾಗಿಲಿನವರೆಗೆ ಜೊತೆಯಲ್ಲಿ ಹೋಗಬೇಕು. ನಿಯಮ ‘ಬಹುದು’ ಎಂದು ಬಿಟ್ಟಿರುವ ಸ್ಥಳದಲ್ಲಿ ಅಧ್ಯಾಪಕರು ಇಷ್ಟನ್ನಾದರೂ ತಮ್ಮ ಕರ್ತವ್ಯವೆಂದು ಭಾವಿಸಬೇಕಾಗಿದೆ.