ಮುಖ ಕಂಡರೂ ದನಿ ಕೇಳದ ಕಾಲ

ದೀರ್ಘಕಾಲದ ಪ್ರಾದೇಶಿಕ ಸಂಘರ್ಷವನ್ನು ಕುರಿತ ಸಾಕ್ಷ್ಯಚಿತ್ರದ ಗುಣಾವಗುಣ ವಿವೇಚಿಸುವಾಗ ರಸಿಕರು ಸಾಮಾನ್ಯವಾಗಿ ಛಾಯಾಗ್ರಹಣಕ್ಕೂ ಅಪರೂಪದ ಹಳೆಯ ದೃಶ್ಯಗಳಿಗೂ ಮೊದಲ ಮಣೆ ಹಾಕುತ್ತಾರಾದರೂ, ಉತ್ತರ ಐರ್ಲೆಂಡ್ ಕುರಿತು ಬಂದಿರುವ ಚಿತ್ರಗಳನ್ನು ಸಾಲಾಗಿ ನೋಡಿದವರಿಗೆ ನಿಜವಾದ ಪರೀಕ್ಷೆ ನಡೆಯುವುದು ಧ್ವನಿಯಲ್ಲಿ ಎಂಬುದು ಮನದಟ್ಟಾಗುತ್ತದೆ. ಬ್ರಿಟನ್ನಿನೊಡನೆಯೇ ಉಳಿಯಬೇಕೆನ್ನುವ, ಬಹುಪಾಲು ಪ್ರೊಟೆಸ್ಟಂಟರಾದ ಯೂನಿಯನಿಸ್ಟರಿಗೂ ಐರ್ಲೆಂಡ್ ಒಂದಾಗಬೇಕೆನ್ನುವ, ಬಹುಪಾಲು ಕ್ಯಾಥೊಲಿಕರಾದ ನ್ಯಾಷನಲಿಸ್ಟರಿಗೂ ನಡುವೆ 1960ರ ದಶಕದ ಕೊನೆಯಲ್ಲಿ ಭುಗಿಲೆದ್ದ ಈ ಸಂಘರ್ಷ, 1998ರ ಗುಡ್ ಫ್ರೈಡೇ ಶಾಂತಿ ಒಪ್ಪಂದದ ಹೊತ್ತಿಗೆ ಸುಮಾರು 3,500 ಜನರನ್ನು ಬಲಿ ತೆಗೆದುಕೊಂಡಿತ್ತು.

1985ರಲ್ಲಿ ಬಿಬಿಸಿಯ 'ರಿಯಲ್ ಲೈವ್ಸ್' ಮಾಲಿಕೆಗಾಗಿ ಡೆರಿ ನಗರದ ಇಬ್ಬರು ಚುನಾಯಿತ ಪ್ರತಿನಿಧಿಗಳನ್ನು, ಅಂದರೆ ನ್ಯಾಷನಲಿಸ್ಟ್ ಬಣದ ಸಿನ್ ಫೇನ್ ಪಕ್ಷದ ಮಾರ್ಟಿನ್ ಮೆಕ್‌ಗಿನ್ನೆಸ್ ಮತ್ತು ಕಟ್ಟಾ ಯೂನಿಯನಿಸ್ಟರಾದ ಗ್ರೆಗರಿ ಕ್ಯಾಂಪ್‌ಬೆಲ್ ಅವರನ್ನು, ಮನೆಮಂದಿಯೊಡನೆ ಸರಿಸಮನಾಗಿ ತೋರಿಸುವ ಚಿತ್ರವೊಂದು ಸಿದ್ಧವಾಗಿತ್ತು. ಬ್ರಿಟಿಷ್ ಸರ್ಕಾರದ ಆಕ್ಷೇಪಕ್ಕೆ ಮಣಿದು ಆಡಳಿತ ಮಂಡಳಿ ಅದನ್ನು ತಡೆಹಿಡಿದಾಗ ಪತ್ರಕರ್ತರು ಒಂದು ದಿನ ಮುಷ್ಕರ ಹೂಡಿದರು. ಕೆಲವು ತಿಂಗಳ ಬಳಿಕ ಅಲ್ಪಸ್ವಲ್ಪ ತಿದ್ದುಪಡಿಯೊಂದಿಗೆ ಚಿತ್ರ ಪ್ರಸಾರವಾಯಿತು. ನಿಷ್ಪಕ್ಷಪಾತವೆಂದರೆ ಇಬ್ಬರಿಗೂ ಸಮಾನ ನಿಮಿಷಗಳನ್ನು ಹಂಚುವುದು ಎಂಬ ಆ ಚಿತ್ರದ ನಂಬಿಕೆ ಇಂದು ಕೊಂಚ ಬಾಲಿಶವೆನಿಸಿದರೂ, ಅಧಿಕಾರಸ್ಥರನ್ನು ಕೆರಳಿಸಿದ್ದು ಆ ಸಮಾನತೆಯೇ.

ಮೂರು ವರ್ಷಗಳ ತರುವಾಯ, 1988ರ ಅಕ್ಟೋಬರ್ 19ರಂದು, ಸರ್ಕಾರ ಪ್ರಸಾರ ಮಾಧ್ಯಮಗಳಿಗೆ ಇನ್ನಷ್ಟು ವಿಚಿತ್ರವಾದ ಆದೇಶ ಹೊರಡಿಸಿತು. ಸಿನ್ ಫೇನ್ ಹಾಗೂ ಎರಡೂ ಬಣಗಳ ಸಶಸ್ತ್ರ ಗುಂಪುಗಳನ್ನೊಳಗೊಂಡ 11 ಸಂಘಟನೆಗಳ ಪ್ರತಿನಿಧಿಗಳ ಮುಖ ತೋರಿಸಬಹುದು, ಮಾತಿನ ಒಕ್ಕಣೆಯನ್ನೂ ತಿಳಿಸಬಹುದು, ಆದರೆ ಅವರ ದನಿಯನ್ನು ಮಾತ್ರ ಕೇಳಿಸಕೂಡದು. ಅದೇ ವ್ಯಕ್ತಿ ಸಂಘಟನೆಯ ಪರವಾಗಿ ಮಾತಾಡದೆ ಸ್ವಂತ ನೆಲೆಯಲ್ಲಿ ಮಾತಾಡಿದರೆ ನಿರ್ಬಂಧವಿರಲಿಲ್ಲವಾದರೂ, ಪತ್ರಕರ್ತ ಪೀಟರ್ ಟೇಲರ್ 1990ರಲ್ಲಿ ಮೇಜ್ ಸೆರೆಮನೆಯ ಒಳಗೆ ಚಿತ್ರೀಕರಿಸಿದಾಗ, ನ್ಯಾಷನಲಿಸ್ಟ್ ಬಣದ ಸಶಸ್ತ್ರ ಗುಂಪಾದ ಐಆರ್‌ಎಯ ಕೈದಿಗಳ ಪರವಾಗಿ ಊಟದ ಅಹವಾಲು ಹೇಳಲು ಬಂದವನು ಸಾಸೇಜ್ ರೋಲ್‌ಗಳ ಗಾತ್ರದ ಬಗ್ಗೆ ಗೊಣಗಿದ್ದಕ್ಕೂ ನಟನೊಬ್ಬನಿಂದ ದನಿ ಕೊಡಿಸಬೇಕಾಯಿತು. ತುಟಿಯ ಚಲನೆಗೆ ಹೊಂದಿಸಿ ಕಂಠದಾನ ಮಾಡುವುದರಲ್ಲಿ ನಟರು ಪಳಗಿದಂತೆಲ್ಲ ನಿರ್ಬಂಧ ನಗೆಪಾಟಲಾಗಿ, 1994ರ ಸೆಪ್ಟೆಂಬರಿನಲ್ಲಿ ರದ್ದಾಯಿತು. ಆದರೂ ಚಿತ್ರದ ಬಲ ದನಿಯಲ್ಲಿದೆ ಎಂಬುದನ್ನು ಆ ಕಾಲದ ಅನೇಕ ವಿಮರ್ಶಕರಿಗಿಂತ ಆದೇಶ ಬರೆದ ಅಧಿಕಾರಿಗಳೇ ಚೆನ್ನಾಗಿ ಅರಿತಿದ್ದರೆನ್ನಬೇಕು.

ಟೇಲರ್ ಅವರ ನಂತರದ ಚಿತ್ರಗಳಲ್ಲಿ ನಿರೂಪಕನ ನಿಖರ ದನಿ ಸಾಕ್ಷಿಗಳನ್ನು ಮುನ್ನಡೆಸುತ್ತದೆ; ಜೇಮ್ಸ್ ಬ್ಲೂಮೆಲ್ ಅವರ 2023ರ ಐದು ಕಂತುಗಳ 'ಒನ್ಸ್ ಅಪಾನ್ ಎ ಟೈಮ್ ಇನ್ ನಾರ್ದರ್ನ್ ಐರ್ಲೆಂಡ್' ಮಾಲಿಕೆಯಾದರೋ ನಾಯಕರನ್ನು ಬದಿಗಿಟ್ಟು ಸಾಮಾನ್ಯರನ್ನು ಕ್ಯಾಮೆರಾದ ಮುಂದೆ ಕೂರಿಸಿ, ಉತ್ತರ ಮುಗಿದ ಮೇಲಿನ ಮೌನವನ್ನೂ ಕತ್ತರಿಸದೆ ಉಳಿಸಿಕೊಳ್ಳುತ್ತದೆ. ಅಂಥ ಮೌನಕ್ಕೆ ಪಿಟೀಲಿನ ಶೋಕರಾಗ ತುಂಬುವ ಚಾಳಿ ಈ ಪ್ರಕಾರಕ್ಕೆ ಅಂಟಿದ ದೊಡ್ಡ ಜಾಡ್ಯ.

ದನಿ ಕೊಟ್ಟವರನ್ನು ಕಾಪಾಡುವ ಹೊಣೆಯೂ ಇದೇ ಕಲೆಯ ಭಾಗವಾಗಿದೆ. 1994ರ ಜೂನ್‌ನಲ್ಲಿ ಲಾಕಿನ್‌ಐಲ್ಯಾಂಡ್ ಹಳ್ಳಿಯ ಪಬ್ಬಿನಲ್ಲಿ ವಿಶ್ವಕಪ್ ಫುಟ್‌ಬಾಲ್ ಪಂದ್ಯ ನೋಡುತ್ತಿದ್ದ ಆರು ಮಂದಿಯ ಹತ್ಯೆಯನ್ನು ಕುರಿತ ಅಲೆಕ್ಸ್ ಗಿಬ್ನಿಯವರ 'ನೋ ಸ್ಟೋನ್ ಅನ್‌ಟರ್ನ್ಡ್' (2017) ಸೋರಿಕೆಯಾದ ದಾಖಲೆಯ ಆಧಾರದಲ್ಲಿ ಶಂಕಿತರ ಹೆಸರುಗಳನ್ನೇ ಹೇಳಿತು. ಮರುವರ್ಷ ಬಂಧನವಾದದ್ದು ಆ ಶಂಕಿತರದಲ್ಲ, ಚಿತ್ರಕ್ಕಾಗಿ ದುಡಿದ ಟ್ರೆವರ್ ಬರ್ನಿ ಮತ್ತು ಬ್ಯಾರಿ ಮೆಕ್‌ಕ್ಯಾಫ್ರಿ ಎಂಬ ಪತ್ರಕರ್ತರದು. ಅವರ ವಿರುದ್ಧ ಪೊಲೀಸರು ಪಡೆದಿದ್ದ ಶೋಧ ವಾರಂಟುಗಳನ್ನು ಹೈಕೋರ್ಟ್ ರದ್ದುಪಡಿಸಿತು. ಮಾಹಿತಿ ಕೊಟ್ಟವರು ಯಾರೆಂದು ಪತ್ತೆಹಚ್ಚಲು ಪೊಲೀಸರು ಇಟ್ಟಿದ್ದ ಕಣ್ಗಾವಲು ಕಾನೂನುಬಾಹಿರವೆಂದು 2024ರ ಡಿಸೆಂಬರಿನಲ್ಲಿ ನ್ಯಾಯಮಂಡಳಿ ತೀರ್ಪಿತ್ತಿತು.