ಬುಲೆಟ್ಟಿನ ಇಕ್ಕೆಲದ ಚೌಕಟ್ಟು

ಪುಣೆಯ ನಾನಾ ಪೇಠೆಯಲ್ಲಿ, ದ್ವಿಚಕ್ರವಾಹನಗಳ ಬಿಡಿಭಾಗಗಳ ಅಂಗಡಿಗಳು ಒತ್ತೊತ್ತಾಗಿ ನಿಂತಿರುವ ಆ ಬೀದಿಗಳಲ್ಲಿ, ದೂರಪ್ರಯಾಣದ ಚೀಲಗಳನ್ನು ಆತು ಹಿಡಿಯುವ ಕ್ಯಾರಿಯರುಗಳು ಸಿದ್ಧವಾಗಿಯೇ ದೊರೆಯುತ್ತವೆ. ಆದರೂ ಸವಾರನೊಬ್ಬ ತನ್ನ ಬುಲೆಟ್ ಮೋಟಾರುಸೈಕಲ್ಲಿನ ಅಳತೆಗೆ ತಾನೇ ಮನೆಯಂಗಳದಲ್ಲಿ ರಚಿಸಿಕೊಂಡ ಚೌಕಟ್ಟನ್ನು ಕಂಡಾಗ ನನ್ನಲ್ಲಿ ಉದಿಸುವ ಗೌರವ ಬೇರೆಯೇ.

ಆ ಚೌಕಟ್ಟಿನ ಕೊಳವೆಯನ್ನು ಬಾಗಿಸುವ ಪರಿಯನ್ನೇ ನೋಡಿರಿ. ಒಣಮರಳನ್ನು ಒಳಗೆ ಗಿಡಿದು ತುಂಬಿ, ಬಾಯಿಗಳಿಗೆ ಮರದ ಬೆಣೆಯನ್ನು ಬಡಿದು, ಕೆಂಪೇರುವವರೆಗೆ ಕಾಯಿಸಿ ಮೆಲ್ಲನೆ ಬಗ್ಗಿಸಿದರೆ, ಮರಳು ಒಳಗಿನಿಂದ ಆಧಾರ ಕೊಡುವುದರಿಂದ ತಿರುವಿನಲ್ಲಿ ಕೊಳವೆ ಚಪ್ಪಟೆಯಾಗದೆ ತನ್ನ ದುಂಡನ್ನು ಉಳಿಸಿಕೊಳ್ಳುತ್ತದೆ. ಮರಳಿನಲ್ಲಿ ತೇವವಿದ್ದರೆ ಹಬೆಯ ಒತ್ತಡಕ್ಕೆ ಬೆಣೆ ಗುಂಡಿನಂತೆ ಸಿಡಿದೀತು!

ವೆಲ್ಡಿಂಗಿನ ಸಂಯಮ ಇನ್ನೂ ಸೂಕ್ಷ್ಮವಾದುದು. ಬೆಸುಗೆ ಆರುವಾಗ ಲೋಹವನ್ನು ತನ್ನೆಡೆಗೆ ಸೆಳೆಯುವುದಾದ್ದರಿಂದ, ಬಲ್ಲವನು ಮೊದಲು ಎದುರುಬದುರಿನ ಮೂಲೆಗಳಲ್ಲಿ ಚುಕ್ಕೆಯಷ್ಟೇ ಬೆಸೆದು, ಮಟ್ಟಗೋಲಿಟ್ಟು ನೋಡಿ, ಅನಂತರವೇ ಪೂರ್ಣ ಬೆಸುಗೆಗೆ ಕೈಯಿಡುತ್ತಾನೆ. ಒಂಟಿ ಸಿಲಿಂಡರಿನ ಕಂಪನವು ಬೆಸುಗೆಯ ಅಂಚಿನಲ್ಲಿಯೇ ಬಿರುಕನ್ನು ಹುಟ್ಟಿಸುವುದೆಂದರಿತು, ಆ ಸಂದಿಗೆ ತ್ರಿಕೋನದ ತಗಡೊಂದನ್ನು ಆಸರೆಯಾಗಿ ಕೂಡಿಸುತ್ತಾನೆ. ಬೋಲ್ಟುಗಳ ಅಡಿಗೆ ರಬ್ಬರ್ ವಾಷರನ್ನಿಡುತ್ತಾನೆ. ಚಕ್ರದೊಡನೆ ಏರಿಳಿಯುವ ಸ್ವಿಂಗ್ ಆರ್ಮನ್ನು ಮುಟ್ಟದೆ, ಅಚಲವಾದ ಫ್ರೇಮಿಗೇ ಭಾರವನ್ನು ಒಪ್ಪಿಸುತ್ತಾನೆ.

ಸೈಲೆನ್ಸರಿನ ಮಗ್ಗುಲಲ್ಲಿ ಚೀಲ ಸುಡದಂತೆ ಚೌಕಟ್ಟನ್ನು ತುಸು ಹೊರಚಾಚಿ, ಇಂಡಿಕೇಟರು ಮರೆಯಾಗದಂತೆ ಹಿಂದಿನ ಮೂಲೆಯನ್ನು ಇಳಿಸಿದುದು ಅವನ ಮುನ್ನೆಚ್ಚರಿಕೆಗೆ ಸಾಕ್ಷಿ. ಎರಡೂ ಪಾರ್ಶ್ವಗಳನ್ನು ನಂಬರ್ ಪ್ಲೇಟಿನ ಹಿಂದೆ ಕೂಡಿಸುವ ಅಡ್ಡಪಟ್ಟಿಯಂತೂ ಯಾರ ಕಣ್ಣಿಗೂ ಬೀಳದು. ಖಂಬಾಟ್ಕಿ ಘಾಟಿನ ತಿರುವುಗಳಲ್ಲಿ ಚೀಲಗಳು ತೊನೆಯದಂತೆ ಹಿಡಿದಿಡುವುದು ಅದೇ.