ಸವಾಯಿ ಗಂಧರ್ವರ ಗುರುತ್ವ: ಒಂದು ಪರಾಮರ್ಶೆ

ಪುಣೆಯ ರಸಿಕರು ಪ್ರತಿವರ್ಷ ಡಿಸೆಂಬರಿನಲ್ಲಿ ‘ಸವಾಯಿಗೆ ಹೋಗುವ’ ಮಾತನ್ನಾಡುತ್ತಾರೆ. ಈ ಮಾತಿನಲ್ಲಿ ‘ಸವಾಯಿ’ ಎಂಬುದು ಉತ್ಸವದ ಹೆಸರು. ವ್ಯಕ್ತಿಯ ನೆನಪು ಅದರಲ್ಲಿ ಬಹುಮಟ್ಟಿಗೆ ಲೀನವಾಗಿದೆ. 1952ರ ಸಪ್ಟೆಂಬರ 12ರಂದು ಪುಣೆಯಲ್ಲಿ ದೇಹವಿಟ್ಟ ಗುರುವಿನ ಸ್ಮರಣೆಗಾಗಿ ಭೀಮಸೇನ ಜೋಶಿ ಮೊದಲಾದ ಶಿಷ್ಯರು 1953ರಲ್ಲಿ ಆರಂಭಿಸಿದ ಪುಣ್ಯತಿಥಿ ಮಹೋತ್ಸವವಾಗಿ ಬೆಳೆದಂತೆ, ಅದಕ್ಕೆ ನಿಮಿತ್ತರಾದವರು ಮರೆಗೆ ಸರಿದರು. ಅವರ ಯೋಗ್ಯತೆಯನ್ನು ಯಾವ ಪ್ರಮಾಣದಿಂದ ಅಳೆಯಬೇಕೆಂಬುದೇ ಪ್ರಕೃತ ವಿಚಾರಣೀಯ ವಿಷಯ.

ಅಂದು ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದ ಕುಂದಗೋಳದ ಪರಿಸರದಲ್ಲಿ, 1886ರಲ್ಲಿ ಜನಿಸಿದ ರಾಮಚಂದ್ರ ಗಣೇಶ ಸೌಂಶಿ ‘ರಾಮಭಾವು ಕುಂದಗೋಳಕರ’ ಎಂದು ಪ್ರಸಿದ್ಧರಾದರು. ಕೈರಾನಾ ಊರಿನ ಅಬ್ದುಲ್ ಕರೀಮಖಾನರ ಬಳಿ ದೀರ್ಘಕಾಲ ಅಭ್ಯಾಸ ಮಾಡಿದರು. ಬಳಿಕ ಮರಾಠಿ ರಂಗಭೂಮಿಯಲ್ಲಿ ಕೀರ್ತಿ ಪಡೆದು, ಬಾಲಗಂಧರ್ವರಿಗೆ ಒಂದು ಕಾಲು ಪಾಲು ಮಿಗಿಲೆಂಬ ಧ್ವನಿಯುಳ್ಳ ಬಿರುದಿಗೆ ಪಾತ್ರರಾದರು. ಲೋಕ ಈ ಬಿರುದನ್ನು ಉಳಿಸಿಕೊಂಡಿತು. ಆದರೆ ನಾಟಕದ ಕೀರ್ತಿ ನಾಟಕಮಂಡಲಿಗಳೊಡನೆಯೇ ಅಳಿಯಿತು.

ಉಳಿದಿರುವುದು ಕೆಲವು ಧ್ವನಿಮುದ್ರಿಕೆಗಳು. ನಿಮಿಷಕ್ಕೆ 78 ಸುತ್ತಿನ ಆ ತಟ್ಟೆಗಳ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದುದು ಸುಮಾರು ಮೂರು ನಿಮಿಷದ ಗಾಯನ. ವಿಲಂಬಿತ ಖ್ಯಾಲಿನಲ್ಲಿ ರಾಗದ ಒಂದೊಂದೇ ಸ್ವರವನ್ನು ಬೆಳಸುತ್ತ ಹೋಗುವ ಕಿರಾಣಾ ಪದ್ಧತಿಗೆ ಈ ಅವಧಿ ಪೀಠಿಕೆಗೂ ಸಾಲದು. ರಾಮಭಾವು ಅವರ ಕಂಠವಾದರೋ ಹದಕ್ಕೆ ಬರಲು ಸಮಯ ಬೇಡುವಂಥದು. ಆದ್ದರಿಂದ ಮುದ್ರಿಕೆಯೊಂದನ್ನೇ ನೆಚ್ಚಿ ನಿರ್ಣಯ ಕೊಡುವುದು ನ್ಯಾಯವಾಗದು.

ಈ ತೊಡಕು ನಮ್ಮಲ್ಲಿಗೇ ವಿಶಿಷ್ಟವಾದುದಲ್ಲ. ಡಬ್ಲಿನ್ನಿನಲ್ಲಿ ಹುಟ್ಟಿದ ಚಾರ್ಲ್ಸ್ ಸ್ಟ್ಯಾನ್‌ಫರ್ಡ್ (1852–1924) ಲಂಡನ್ನಿನ ರಾಯಲ್ ಕಾಲೇಜಿನಲ್ಲಿ 1883ರಿಂದ ಸಂಗೀತರಚನೆಯನ್ನು ಕಲಿಸಿದರು. ವಾನ್ ವಿಲಿಯಮ್ಸ್, ಹೋಲ್ಸ್ಟ್ ಅವರ ಶಿಷ್ಯರು. ಗುರುವಿನ ಚರ್ಚಿನ ಸಂಗೀತ ಬಾಳಿತಾದರೂ ಅವರ ಸಿಂಫನಿಗಳನ್ನು ಶಿಷ್ಯರ ಕೀರ್ತಿ ಮುಸುಕಿತು. ಆದರೆ ಅಲ್ಲಿ ಲಿಖಿತ ಸ್ವರಲಿಪಿಯುಂಟು. ಸಂದೇಹ ಬಂದಾಗ ಕೃತಿಯನ್ನು ತೆರೆದು ನೋಡಬಹುದು. ರಾಮಭಾವು ಅವರ ಕೃತಿಯೆಂದರೆ ಶಿಷ್ಯರ ಕಂಠವೇ, ಅದನ್ನೇ ಓದಬೇಕು.

ಓದುವ ಕ್ರಮವೂ ಇದೆ. ಗಂಗೂಬಾಯಿ ಹಾನಗಲ್ಲರದು ಗಂಭೀರವಾದ, ದಪ್ಪನೆಯ ನಾದ. ಭೀಮಸೇನರದು ಬಿರುಸಾದ ತಾನು, ಮಹಾಪ್ರಾಣದ ಗಾಯನ. ಪಾರಸಿಯವರಾದ ಫಿರೋಜ ದಸ್ತೂರರದು ಖಾನಸಾಹೇಬರ ಮಾಧುರ್ಯಕ್ಕೆ ಹತ್ತಿರವಾದ ಮಾರ್ಗ. ಮೂವರೂ ಒಬ್ಬರಂತೊಬ್ಬರು ಹಾಡಲಿಲ್ಲ. ಈ ಭೇದವನ್ನು ಅವರವರ ಪ್ರತಿಭೆಗೂ ಇತರ ಸಂಸ್ಕಾರಗಳಿಗೂ ಬಿಟ್ಟುಕೊಡೋಣ. ಮೂವರಲ್ಲಿಯೂ ಸಮಾನವಾಗಿ ಉಳಿದದ್ದು ಸ್ವರದ ಮೇಲೆ ನಿಲ್ಲುವ ಧೈರ್ಯ ಮತ್ತು ಮುಂದಿನ ಸ್ವರಕ್ಕೆ ಅವಸರಪಡದ ಸಂಯಮ. ಇವು ಗುರುವಿಗೆ ಸಲ್ಲಬೇಕಾದುವು. ಒಲಿಯದ ಕಂಠವನ್ನು ಸಾಧನೆಯಿಂದ ಒಲಿಸಿಕೊಂಡವರಾದ್ದರಿಂದಲೇ ಅವರು ಶಿಷ್ಯರ ಮೇಲೆ ತಮ್ಮ ಕಂಠವನ್ನು ಹೇರದೆ ಕ್ರಮವನ್ನಷ್ಟೇ ದಾನಮಾಡಿದರೆಂದು ತೋರುತ್ತದೆ. ಭೀಮಸೇನರಿಗೆ ತೋಡಿ, ಮುಲ್ತಾನಿ, ಪೂರಿಯಾ ರಾಗಗಳನ್ನೇ ವರ್ಷಗಟ್ಟಲೆ ತಿದ್ದಿದರು. ಗಂಗೂಬಾಯಿ ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಬಂದು ಪಡೆದ ಪಾಠವೂ ಒಂದೊಂದೇ ಸ್ವರಸಮುದಾಯದ ಪಾಠ.

ಈ ಮಾರ್ಗದಲ್ಲಿ ಕುಂದೂ ಉಂಟು. ಸ್ವರಕ್ಕೆ ಕೊಟ್ಟ ಆಸ್ಥೆಯನ್ನು ಅದು ಬಂದಿಶಿನ ಸಾಹಿತ್ಯಕ್ಕೆ ಕೊಡಲಿಲ್ಲ. ಅಪರೂಪ ರಾಗಗಳ ಭಂಡಾರವೂ ಜಯಪುರದವರಷ್ಟು ವಿಸ್ತಾರವಲ್ಲ. ಗುರುಭಕ್ತಿಯ ಭರದಲ್ಲಿ ಇದನ್ನು ಮುಚ್ಚಿಡುವುದು ವಿಮರ್ಶೆಯ ಧರ್ಮವಲ್ಲ.

ಪುಣೆಯ ಕನ್ನಡಿಗರು ‘ಇವರು ನಮ್ಮವರು’ ಎಂದು ಹೆಮ್ಮೆಪಡುವುದು ಸಹಜ. ಆದರೆ ಉತ್ತರದ ಮುಸ್ಲಿಮ ಉಸ್ತಾದರಿಂದ ಬಂದ ವಿದ್ಯೆ, ವ್ರಜಭಾಷೆಯ ಚೀಜು, ಮರಾಠಿ ರಂಗಭೂಮಿ, ಪಾರಸಿ ಶಿಷ್ಯ – ಇವನ್ನೆಲ್ಲ ಕಳೆದರೆ ಸವಾಯಿ ಗಂಧರ್ವರು ಉಳಿಯರು. ಸ್ವತ್ತಿನ ಹಕ್ಕಿಗಿಂತ ಸ್ವತ್ತಿನ ರಕ್ಷಣೆ ಮೇಲು. 2009ರಲ್ಲಿ ಗಂಗೂಬಾಯಿ, 2011ರಲ್ಲಿ ಭೀಮಸೇನರು ತೀರಿಕೊಂಡ ಮೇಲೆ ಉತ್ಸವಕ್ಕೆ ಗುರುಶಿಷ್ಯರಿಬ್ಬರ ಹೆಸರೂ ಸೇರಿತು. ಆದರೆ ಗುರುವಿನೆದುರು ಕುಳಿತು ಕಲಿತ ಪ್ರಧಾನ ಶಿಷ್ಯರು ಇಂದಿಲ್ಲ. ಪಾಠದ ಕ್ರಮ ಇನ್ನು ಪ್ರಶಿಷ್ಯರ ನೆನಪಿನಲ್ಲಿದೆ. ಆ ನೆನಪನ್ನು ಅವರವರ ಭಾಷೆಯಲ್ಲಿ, ಕನ್ನಡದಲ್ಲಿ ಕಲಿತವರಿಂದ ಕನ್ನಡದಲ್ಲಿಯೇ, ಕೇಳಿ ಬರೆದಿಡುವ ಕೆಲಸ ಪುಣೆಯಲ್ಲಿಯೂ ಕುಂದಗೋಳದಲ್ಲಿಯೂ ಏಕಕಾಲಕ್ಕೆ ನಡೆಯತಕ್ಕದ್ದು.